ಅಮೆರಿಕ ವೀಸಾ ಬಂದಮೇಲೆ ಮಾರುವ ‘ಪೋಸ್ಟ್ ವೀಸಾ ಪ್ಯಾಕೇಜ್’: ಐದಕ್ಕೆ ಎರಡೂವರೆ

ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಎರಡೂವರೆ. ಅದರಲ್ಲಿ ಎರಡು ಪೂರ್ತಿ ಆ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿಗೆ. ಉಳಿದ ಅರ್ಧ ಕಾಫಿಗೆ, ಕಾಫಿ ನಿಜಕ್ಕೂ ಚೆನ್ನಾಗಿತ್ತು.

ಗಂಡನ ಕಡೆಯಿಂದಲೋ ಹೆಂಡತಿ ಕಡೆಯಿಂದಲೋ ಅಮೆರಿಕದ ಇಮಿಗ್ರಂಟ್ ವೀಸಾ, ಅಂದರೆ ಅಲ್ಲೇ ನೆಲೆಸಲು ಕೊಡುವ ವೀಸಾ, ಆದವರಿಗೆ, ವೀಸಾ ಬಂದಮೇಲೆ ಏನು ಮಾಡಬೇಕು ಅಂತ ಹೇಳಿಕೊಡುವ ಪ್ಯಾಕೇಜುಗಳನ್ನು ಬೆಂಗಳೂರಿನ ಕನ್ಸಲ್ಟೆನ್ಸಿಗಳು ಮಾರುತ್ತವೆ. ನಾನು ತೆಗೆದುಕೊಂಡಿದ್ದು ದಕ್ಷಿಣ ಬೆಂಗಳೂರಿನ ಒಂದು ಆಫೀಸಿನಲ್ಲಿ. ಹೆಸರು ಹಾಕುವುದಿಲ್ಲ. ಬೇರೆ ಕಡೆ ಹೋದ ಸ್ನೇಹಿತರನ್ನು ವಿಚಾರಿಸಿದಾಗ ಬೋರ್ಡ್ ಮಾತ್ರ ಬೇರೆ, ಒಳಗಿನ ಮಾತು ಇದೇ ಅಂತ ಗೊತ್ತಾಯಿತು. ಫೀಸು ಜಿಎಸ್‌ಟಿ ಸೇರಿ ಇಪ್ಪತ್ತೈದು ಸಾವಿರದ ಆಸುಪಾಸು. ಅದಕ್ಕೆ ಸಿಗುವುದು: ವೀಸಾ ಪೇಪರ್ ನೋಡಿಕೊಡುವುದು, ಅಮೆರಿಕ ಸರ್ಕಾರಕ್ಕೆ ಕಟ್ಟಬೇಕಾದ ಫೀ ಕಟ್ಟಿಕೊಡುವುದು, ಟಿಕೆಟ್ ಬುಕಿಂಗ್, ‘ಟ್ರಾವೆಲ್ ಮತ್ತು ರೆಸಿಡೆನ್ಸಿ ಗೈಡೆನ್ಸ್’ ಹೆಸರಿನಲ್ಲಿ ಎರಡು ಸಿಟಿಂಗ್, ಆಮೇಲೆ ಒಂದು ವರ್ಷ ವಾಟ್ಸಾಪ್ ಸಪೋರ್ಟ್.

ನನ್ನ ವಿಷಯ ಹೀಗಿತ್ತು. ಗಂಡ ನ್ಯೂಜೆರ್ಸಿಯಲ್ಲಿ, ಅಲ್ಲಿನ ಸಿಟಿಜನ್. ನಾನು ಇಲ್ಲಿ ಕೆಲಸದಲ್ಲಿ. ಮುಂಬೈಯ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟಿನಲ್ಲಿ ಇಂಟರ್‌ವ್ಯೂ ಮುಗಿದು ಪಾಸ್‌ಪೋರ್ಟ್ ಕೈಗೆ ಬಂತು. ಅಲ್ಲಿಯವರೆಗೆ ಮನೆಯವರಿಗೆಲ್ಲ ಒಂದೇ ಚಿಂತೆ, ವೀಸಾ ಆಗುತ್ತಾ ಇಲ್ವಾ. ಆದಮೇಲೆ ಬೇರೆ ಪ್ರಶ್ನೆಗಳು ಶುರು. ಯಾವಾಗ ಹೊರಡಬೇಕು? ಹೋದವಳು ವಾಪಸ್ ಬರಬಹುದಾ? ಅಮ್ಮನ ಮಂಡಿ ಆಪರೇಷನ್ ಬಾಕಿ, ಆಫೀಸಿನಲ್ಲಿ ನೋಟಿಸ್ ಪೀರಿಯಡ್ ಬಾಕಿ, ಬಾಡಿಗೆ ಮನೆ ಖಾಲಿ ಮಾಡಿ ಅಡ್ವಾನ್ಸ್ ವಾಪಸ್ ತೆಗೆದುಕೊಳ್ಳುವುದು ಬಾಕಿ. ಒಂದು ಸಲ ಹೋಗಿ, ಬಂದು, ಇದನ್ನೆಲ್ಲ ಮುಗಿಸಿಕೊಂಡು ಆಮೇಲೆ ಗಂಟುಮೂಟೆ ಕಟ್ಟಬಹುದಾ? ನಾನು ದುಡ್ಡು ಕೊಟ್ಟಿದ್ದು ಈ ಒಂದು ಪ್ರಶ್ನೆಗೆ.

ಆಫೀಸು ಒಂದನೇ ಮಹಡಿ. ಗೋಡೆಯ ಮೇಲೆ ಲಿಬರ್ಟಿ ಪ್ರತಿಮೆ, ಅದರ ಪಕ್ಕದಲ್ಲೇ ರಾಘವೇಂದ್ರ ಸ್ವಾಮಿಗಳ ಫೋಟೋ, ಹೂವಿನ ಹಾರ ಅವತ್ತಿನದೇ. ಕೌಂಟರ್ ಹುಡುಗನ ಮುಂದೆ ಒಂದು ಲ್ಯಾಮಿನೇಟ್ ಮಾಡಿದ ಹಾಳೆ. ಮೂಲೆಗಳು ಸುಲಿದಿದ್ದವು, ಅಷ್ಟು ಜನ ಅದನ್ನು ತಿರುಗಿಸಿ ನೋಡಿದ್ದಾರೆ. ಹತ್ತು ಪ್ರಶ್ನೆ, ಹತ್ತು ಉತ್ತರ. ನೀವು ಏನೇ ಕೇಳಿ, ಹುಡುಗ ಬೆರಳು ಇಡುವುದು ಆ ಹಾಳೆಯ ಮೇಲೇ. ಅದರ ಬಗ್ಗೆ ಆಮೇಲೆ ಬರುತ್ತೇನೆ, ಹೇಳುವುದು ಜಾಸ್ತಿ ಇದೆ.

ಮೊದಲು ಒಳ್ಳೆಯದು. ಒಳಗಿನ ರೂಮಿನಲ್ಲಿ ಕೂರುವ ಹೆಂಗಸು, ನಲವತ್ತರ ಆಸುಪಾಸು, ಮಾತು ಕಡಿಮೆ. ನನ್ನ ಪಾಸ್‌ಪೋರ್ಟಿನ ಮೊದಲ ಪುಟ ಮತ್ತು ವೀಸಾ ಸ್ಟಿಕರ್ ಎರಡನ್ನೂ ಎದುರು ಬದುರು ಇಟ್ಟುಕೊಂಡು, ಪೆನ್ಸಿಲ್ ತುದಿ ಆಡಿಸುತ್ತಾ ಒಂದೊಂದು ಅಕ್ಷರವನ್ನೂ ತಾಳೆ ನೋಡಿದರು. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್. ತಪ್ಪಿದ್ದರೆ ಹೊರಡುವ ಮುಂಚೆಯೇ ಕಾನ್ಸುಲೇಟಿಗೆ ತಿಳಿಸಬೇಕು, ಅಲ್ಲಿ ಇಳಿದಮೇಲೆ ಸರಿ ಮಾಡಿಸುವುದು ದೊಡ್ಡ ತಲೆನೋವು ಅಂದರು. ನಮ್ಮ ಕಡೆಯವರಿಗೆ ಇದು ಸುಮ್ನೆ ಮಾತಲ್ಲ. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತೆ. ಬರೀ ಹೆಸರು, ಇಲ್ಲಾಂದ್ರೆ ಹೆಸರಿನ ಹಿಂದೆ ಇನಿಶಿಯಲ್. ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದವರು ನಿಮ್ಮ ಹೆಸರನ್ನೇ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ‘ಮೊದಲ ಹೆಸರು ಗೊತ್ತಿಲ್ಲ’ ಅನ್ನಲು ‘ಎಫ್ಎನ್‌ಯು’ ಅಂತ ಹಾಕುತ್ತಾರೆ. ಆಮೇಲೆ ಅದು ಗ್ರೀನ್ ಕಾರ್ಡಿಗೂ ಬರುತ್ತೆ, ಬ್ಯಾಂಕಿಗೂ ಬರುತ್ತೆ. ಆಸ್ಪತ್ರೆಯಲ್ಲಿ ‘ಮಿಸ್ ಫ್ನು’ ಅಂತ ಕೂಗಿಸಿಕೊಂಡ ಶಿವಮೊಗ್ಗದ ಹುಡುಗಿಯೊಬ್ಬಳು ನನಗೆ ಗೊತ್ತು. ಇನ್ನೂ ಅರ್ಜಿ ಹಾಕದವರು ಇದನ್ನು ಓದುತ್ತಿದ್ದರೆ ಮೊದಲು ಪಾಸ್‌ಪೋರ್ಟ್ ಸರಿ ಮಾಡಿಸಿಕೊಳ್ಳಿ.

ಆಮೇಲೆ ಅವರು ಕೇಳಿದ ಪ್ರಶ್ನೆ: ‘ಮದುವೆ ಯಾವತ್ತು ಆಗಿದ್ದು ಮೇಡಂ?’

ನನ್ನ ಪ್ರಕಾರ ಇಡೀ ಪ್ಯಾಕೇಜಿನಲ್ಲಿ ದುಡ್ಡು ವಸೂಲಾದ ಗಳಿಗೆ ಅದೊಂದೇ. ನನ್ನ ವೀಸಾದಲ್ಲಿ ಸಿಆರ್1 ಅಂತ ಇತ್ತು. ಮದುವೆಯಾಗಿ ಎರಡು ವರ್ಷ ತುಂಬದಿದ್ದರೆ ಸಿಆರ್1, ತುಂಬಿದ್ದರೆ ಐಆರ್1. ಸಿಆರ್1 ಅಂದರೆ ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಆ ಎರಡು ವರ್ಷ ಮುಗಿಯುವ ಮುಂಚಿನ 90 ದಿನದೊಳಗೆ ಗಂಡ ಹೆಂಡತಿ ಸೇರಿ ಐ-751 ಅಂತ ಇನ್ನೊಂದು ಅರ್ಜಿ ಹಾಕಬೇಕು. 2024ರ ಏಪ್ರಿಲ್‌ನಿಂದ ಅದರ ಫೀ 750 ಡಾಲರ್. ಮದುವೆ ನಿಜವಾದ್ದು ಅಂತ ತೋರಿಸಲು ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಫೋಟೋ ಎಲ್ಲ ಮತ್ತೆ ಜೋಡಿಸಬೇಕು. ನಿರ್ಧಾರ ಬರುವುದು ಎಷ್ಟು ತಡ ಅಂದರೆ, ಅರ್ಜಿ ತಲುಪಿದ ರಸೀದಿಯಲ್ಲೇ ಹಳೇ ಕಾರ್ಡನ್ನು 48 ತಿಂಗಳು ಮುಂದಕ್ಕೆ ಹಾಕಿ ಕೊಡುತ್ತಾರೆ. ಐಆರ್1 ಆದರೆ ಇದ್ಯಾವುದೂ ಇಲ್ಲ. ನೇರ ಹತ್ತು ವರ್ಷದ ಕಾರ್ಡ್.

ಈಗ ಮುಖ್ಯ ವಿಷಯ. ಎರಡು ವರ್ಷ ತುಂಬಿದೆಯಾ ಇಲ್ಲವಾ ಅಂತ ಲೆಕ್ಕ ಹಾಕುವುದು ವೀಸಾ ಕೊಟ್ಟ ದಿನಕ್ಕಲ್ಲ. ನೀವು ಅಮೆರಿಕದ ಒಳಗೆ ಕಾಲಿಟ್ಟ ದಿನಕ್ಕೆ. ನನ್ನ ವೀಸಾ ಅವಧಿ ಮುಗಿಯುವುದಕ್ಕೆ ಸಾಕಷ್ಟು ಮುಂಚೆಯೇ ನಮ್ಮ ಎರಡನೇ ವಾರ್ಷಿಕೋತ್ಸವ ಬರುತ್ತಿತ್ತು. ‘ಆ ದಿನ ಕಳೆದಮೇಲೆ ಟಿಕೆಟ್ ಹಾಕ್ಕೊಳ್ಳಿ, ಇಮಿಗ್ರೇಷನ್‌ನಲ್ಲಿ ಆಫೀಸರ್‌ಗೆ ನೀವೇ ಬಾಯಿಬಿಟ್ಟು ಹೇಳಿ, ಮದುವೆ ಸರ್ಟಿಫಿಕೇಟ್ ಕೈಯಲ್ಲೇ ಇರಲಿ’ ಅಂದರು. ನಾನು ಹಾಗೇ ಮಾಡಿದೆ. ಆಫೀಸರ್ ಸರ್ಟಿಫಿಕೇಟ್ ನೋಡಿ, ಪಕ್ಕದವನನ್ನು ಒಂದು ಮಾತು ಕೇಳಿ, ಸ್ಟಾಂಪಿನ ಮೇಲೆ ಐಆರ್1 ಅಂತ ಪೆನ್ನಿನಲ್ಲಿ ಬರೆದುಕೊಟ್ಟ. ನಮ್ಮ ಸರ್ಟಿಫಿಕೇಟಿನಲ್ಲಿ ಮದುವೆಯಾದ ತಾರೀಖು ಬೇರೆ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಯಾದ ತಾರೀಖು ಬೇರೆ. ಛತ್ರದಲ್ಲಿ ತಾಳಿ ಕಟ್ಟಿದ ದಿನ ಯಾವುದು ಅಂತ ಆಫೀಸರ್‌ಗೆ ಬೆರಳಿಟ್ಟು ತೋರಿಸಬೇಕಾಯಿತು.

ಎಲ್ಲರಿಗೂ ಇದು ಕೂಡಿಬರುವುದಿಲ್ಲ. ಇಮಿಗ್ರಂಟ್ ವೀಸಾಗೆ ಸಾಮಾನ್ಯವಾಗಿ ಹೆಚ್ಚೆಂದರೆ ಆರು ತಿಂಗಳ ಆಯುಸ್ಸು, ಅದೂ ಮೆಡಿಕಲ್ ಪರೀಕ್ಷೆಯ ಅವಧಿಗೆ ಕಟ್ಟುಬಿದ್ದಿರುತ್ತೆ. ಮೆಡಿಕಲ್ ಬೇಗ ಮಾಡಿಸಿಕೊಂಡು ಇಂಟರ್‌ವ್ಯೂ ತಡವಾದರೆ ವೀಸಾ ಕೈಗೆ ಬರುವಾಗ ಉಳಿದಿರುವುದೇ ಮೂರೋ ನಾಲ್ಕೋ ತಿಂಗಳು. ಸ್ಟಿಕರ್ ಮೇಲಿನ ತಾರೀಖಿನೊಳಗೆ ಹೋಗಲೇಬೇಕು. ಅದನ್ನು ಹೋಟೆಲ್ ಬುಕಿಂಗ್ ತರ ಮುಂದಕ್ಕೆ ಹಾಕಿಸಿಕೊಳ್ಳಲು ಆಗುವುದಿಲ್ಲ.

ಇನ್ನು ಫೀ ಕಟ್ಟಿಕೊಡುವ ಸೇವೆ. ಇದಕ್ಕೆ ಒಂದು ನಕ್ಷತ್ರವೂ ಇಲ್ಲ. ಯುಎಸ್‌ಸಿಐಎಸ್ (ಅಮೆರಿಕದ ಇಮಿಗ್ರೇಷನ್ ಇಲಾಖೆ) ಇಮಿಗ್ರಂಟ್ ಫೀ 235 ಡಾಲರ್. ಕಾನ್ಸುಲೇಟ್ ಕೊಡುವ ಹಾಳೆಯಲ್ಲಿ ನಿಮ್ಮ ಎ-ನಂಬರ್ ಮತ್ತು ಕೇಸ್ ನಂಬರ್ ಎರಡೂ ಇರುತ್ತವೆ. ಸರ್ಕಾರದ ವೆಬ್‌ಸೈಟಿನಲ್ಲಿ ಅವೆರಡನ್ನು ಹಾಕಿ ಕಾರ್ಡಿನಲ್ಲಿ ಕಟ್ಟಿದರೆ ಮುಗಿಯಿತು. ಗಂಡನೇ ಅಲ್ಲಿಂದ ಕಟ್ಟಬಹುದು. ಕರೆಂಟ್ ಬಿಲ್ ಕಟ್ಟುವಷ್ಟೇ ಕೆಲಸ. ಇದಕ್ಕೆ ಈ ಆಫೀಸಿನವರು ಪ್ಯಾಕೇಜಿನ ಮೇಲೆ ‘ಫಾರೆಕ್ಸ್ ಹ್ಯಾಂಡ್ಲಿಂಗ್’ ಅಂತ ಇನ್ನೊಂದಿಷ್ಟು ಸೇರಿಸಿದ್ದರು. ಬೇಡ, ನಾವೇ ಕಟ್ಟಿಕೊಳ್ಳುತ್ತೇವೆ ಅಂದೆ. ಹುಡುಗ ಮುಖ ಸಣ್ಣ ಮಾಡಿಕೊಂಡ. ಈ ಫೀ ಕಟ್ಟದಿದ್ದರೂ ನಿಮ್ಮನ್ನು ಒಳಗೆ ಬಿಡುತ್ತಾರೆ, ಆದರೆ ಗ್ರೀನ್ ಕಾರ್ಡ್ ಪ್ರಿಂಟ್ ಆಗುವುದಿಲ್ಲ. ಇಳಿದ ದಿನ ಅಥವಾ ಫೀ ಕಟ್ಟಿದ ದಿನ, ಯಾವುದು ಆಮೇಲೆ ಬರುತ್ತೋ ಅಲ್ಲಿಂದ ಸುಮಾರು 90 ದಿನದೊಳಗೆ ಕಾರ್ಡ್ ಅಂಚೆಯಲ್ಲಿ ಬರುತ್ತೆ ಅನ್ನುವುದು ಅವರ ಲೆಕ್ಕ. ಹಾಗಾಗಿ ಹೊರಡುವ ಮುಂಚೆಯೇ ಕಟ್ಟಿಬಿಡುವುದು ವಾಸಿ.

‘ಸೀಲ್ಡ್ ಕವರ್ ಹ್ಯಾಂಡ್ಲಿಂಗ್’ ಅಂತ ಇನ್ನೊಂದು ಸಾಲಿತ್ತು ಬಿಲ್ಲಿನಲ್ಲಿ. ಮೊದಲೆಲ್ಲ ಕಾನ್ಸುಲೇಟಿನವರು ಒಂದು ದಪ್ಪ ಕವರ್ ಕೊಡುತ್ತಿದ್ದರು. ಅದನ್ನು ಒಡೆಯಬಾರದು, ಲಗೇಜಿಗೆ ಹಾಕಬಾರದು, ಕೈಯಲ್ಲೇ ಒಯ್ಯಬೇಕು. ನನ್ನ ವೀಸಾ ಮೇಲೆ ‘ಐವಿ ಡಾಕ್ಸ್ ಇನ್ ಸಿಸಿಡಿ’ ಅಂತ ಅಚ್ಚಾಗಿತ್ತು. ಅಂದರೆ ಕಾಗದವೆಲ್ಲ ಕಂಪ್ಯೂಟರಿನಲ್ಲೇ ಹೋಗಿದೆ, ಕವರೇ ಇಲ್ಲ. ಇಲ್ಲದ ಕವರನ್ನು ಅದೇನು ಹ್ಯಾಂಡಲ್ ಮಾಡುತ್ತಾರೋ. ಕೇಳಿದಮೇಲೆ ಆ ಸಾಲು ತೆಗೆದರು.

ಈಗ ಆ ಲ್ಯಾಮಿನೇಟ್ ಹಾಳೆಗೆ ಬರೋಣ. ಆರನೆಯದೋ ಏಳನೆಯದೋ ಸಾಲು: ‘6 ತಿಂಗಳಿಗೊಮ್ಮೆ ಎಂಟ್ರಿ ಮಾಡಿದರೆ ಸಾಕು.’ ನಾನು ದುಡ್ಡು ಕೊಟ್ಟ ಪ್ರಶ್ನೆಗೆ ಉತ್ತರ ಇಷ್ಟೇ. ಹುಡುಗ ಅದರ ಮೇಲೆ ಬೆರಳಿಟ್ಟು, ‘ಹೋಗಿ ಸ್ಟಾಂಪ್ ಹಾಕಿಸ್ಕೊಂಡು ಬನ್ನಿ ಮೇಡಂ, ಐದೂವರೆ ತಿಂಗಳು ಇಲ್ಲಿರಿ, ಮತ್ತೆ ಹದಿನೈದು ದಿನ ಹೋಗಿ ಬನ್ನಿ, ಏನೂ ಆಗಲ್ಲ, ನಮ್ಮ ಕ್ಲೈಂಟ್ಸ್ ಎಲ್ಲ ಹಿಂಗೇ ಮಾಡೋದು’ ಅಂದ.

ಬೆಂಗಳೂರು ಮಾತ್ರ ಅಲ್ಲ, ನ್ಯೂಜೆರ್ಸಿಯ ಎಡಿಸನ್‌ನ ಇಂಡಿಯನ್ ಅಂಗಡಿಗಳ ಮುಂದೆಯೂ ಈ ಮಾತು ಓಡಾಡುತ್ತೆ. ಅಪ್ಪ ಅಮ್ಮಂದಿರಿಗೆ ಗ್ರೀನ್ ಕಾರ್ಡ್ ಮಾಡಿಸಿದವರಂತೂ ಇದನ್ನೇ ನಂಬಿ ವರ್ಷಕ್ಕೆರಡು ಸಲ ಟಿಕೆಟ್ ಹಾಕುತ್ತಾರೆ. ಆದರೆ ಗ್ರೀನ್ ಕಾರ್ಡ್ ಅಂದರೆ ಬಂದು ಹೋಗುವ ಪಾಸ್ ಅಲ್ಲ. ಅಲ್ಲಿ ವಾಸ ಮಾಡುತ್ತೇನೆ ಅಂತ ಒಪ್ಪಿಕೊಂಡವರಿಗೆ ಕೊಡುವುದು. ಆರು ತಿಂಗಳು ಅನ್ನುವ ಗೆರೆ ಕಾನೂನಿನಲ್ಲಿ ಇರುವುದು ನಿಜ. 180 ದಿನಕ್ಕಿಂತ ಜಾಸ್ತಿ ಹೊರಗಿದ್ದು ಬಂದರೆ ನಿಮ್ಮನ್ನು ಹೊಸದಾಗಿ ಪ್ರವೇಶ ಕೇಳುವವರ ತರ ಪ್ರಶ್ನೆ ಮಾಡಬಹುದು. ಅದರೊಳಗೆ ಬಂದರೆ ಸಾಮಾನ್ಯವಾಗಿ ಅಷ್ಟು ಕೇಳುವುದಿಲ್ಲ. ಆದರೆ ‘ಅದರೊಳಗೆ ಬಂದರೆ ಏನೂ ಆಗಲ್ಲ’ ಅಂತ ಎಲ್ಲೂ ಬರೆದಿಲ್ಲ. ಕೆಲಸ ಬೆಂಗಳೂರಲ್ಲಿ, ಮನೆ ಬೆಂಗಳೂರಲ್ಲಿ, ವರ್ಷದಲ್ಲಿ ಹನ್ನೊಂದು ತಿಂಗಳು ಬೆಂಗಳೂರಲ್ಲಿ, ನ್ಯೂಜೆರ್ಸಿಯಲ್ಲಿ ಹದಿನೈದಿಪ್ಪತ್ತು ದಿನ ಅಂತಾದರೆ, ನೀವು ವಾಸ ಬಿಟ್ಟುಬಿಟ್ಟಿದ್ದೀರಿ ಅಂತ ಆಫೀಸರ್ ಅನ್ನಬಹುದು, ಐದು ತಿಂಗಳಿಗೆ ಬಂದಿದ್ದರೂ ಅನ್ನಬಹುದು. ನೋಡುವುದು ಒಟ್ಟು ಬದುಕು ಎಲ್ಲಿದೆ ಅಂತ. ಅಲ್ಲಿ ಮನೆ ಇದೆಯಾ, ಟ್ಯಾಕ್ಸ್ ಕಟ್ಟುತ್ತಿದ್ದೀರಾ, ಹೊರಗೆ ಹೋಗಿದ್ದಕ್ಕೆ ಒಂದು ಕಾರಣ ಮತ್ತು ಅದಕ್ಕೊಂದು ಕೊನೆ ಇತ್ತಾ.

ಒಂದು ವರ್ಷ ದಾಟಿದರೆ ಕಥೆಯೇ ಬೇರೆ. ಆಗ ಬರೀ ಕಾರ್ಡ್ ತೋರಿಸಿ ವಾಪಸ್ ಹೋಗುವ ಹಾಗಿಲ್ಲ. ಕೈಮೀರಿದ ಕಾರಣಕ್ಕೆ ಉಳಿದಿದ್ದರೆ ಎಸ್‌ಬಿ-1 ಅಂತ ರಿಟರ್ನಿಂಗ್ ರೆಸಿಡೆಂಟ್ ವೀಸಾ ಕೇಳಬಹುದು, ಅದಕ್ಕೆ ದಾಖಲೆ ಬೇಕು, ಸಿಕ್ಕೇ ಸಿಗುತ್ತೆ ಅಂತಲೂ ಇಲ್ಲ. ಇನ್ನು ಸಿಟಿಜನ್‌ಶಿಪ್ ಲೆಕ್ಕ ಬೇರೆ ಓಡುತ್ತಿರುತ್ತೆ. ಸಿಟಿಜನ್ ಗಂಡನ ಜೊತೆ ಸಂಸಾರ ಮಾಡುತ್ತಿದ್ದರೆ ಐದರ ಬದಲು ಮೂರು ವರ್ಷಕ್ಕೇ ಅರ್ಜಿ ಹಾಕಬಹುದು. ಅದರಲ್ಲಿ ಕನಿಷ್ಠ 18 ತಿಂಗಳು ಅಮೆರಿಕದ ನೆಲದ ಮೇಲೆ ಇದ್ದಿರಬೇಕು. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಸತತ ವಾಸ ಮುರಿದುಬಿತ್ತು ಅಂತಲೇ ಮೊದಲು ಎಣಿಸುತ್ತಾರೆ, ಇಲ್ಲ ಅಂತ ತೋರಿಸುವ ಹೊಣೆ ನಮ್ಮದು. ಹಾಳೆಯ ಆ ಒಂದು ಸಾಲಿನಲ್ಲಿ ಈ ಮೂರೂ ಬೇರೆ ಬೇರೆ ವಿಷಯಗಳನ್ನು ಕಲಸಿ ಮುದ್ದೆ ಮಾಡಿಟ್ಟಿದ್ದರು.

ಜಾಸ್ತಿ ದಿನ ಇಲ್ಲೇ ಇರಬೇಕಾಗಿ ಬಂದರೆ ಅಂತ ಕೇಳಿದೆ. ಅಮ್ಮನ ಆಪರೇಷನ್ ಮುಂದಕ್ಕೆ ಹೋದರೆ? ‘ಅದಕ್ಕೆ ರೀ-ಎಂಟ್ರಿ ಪರ್ಮಿಟ್ ಇದೆ ಮೇಡಂ, ನೀವು ವಾಪಸ್ ಬಂದಮೇಲೆ ನಾವು ಇಲ್ಲಿಂದಲೇ ಹಾಕಿಕೊಡ್ತೀವಿ, ಈಗಲೇ ಅಡ್ವಾನ್ಸ್ ಕೊಟ್ಟರೆ ಡಿಸ್ಕೌಂಟ್’ ಅಂದ. ನನಗೆ ಸಿಟ್ಟು ಬಂದಿದ್ದು ಇಲ್ಲಿ. ರೀ-ಎಂಟ್ರಿ ಪರ್ಮಿಟ್ ಅಂದರೆ ಗ್ರೀನ್ ಕಾರ್ಡಿನವರು ಜಾಸ್ತಿ ದಿನ ಹೊರಗಿದ್ದು ವಾಪಸ್ ಹೋಗಲು ಪಡೆಯುವ ಅನುಮತಿ, ಅದಕ್ಕೆ ಹಾಕುವುದು ಐ-131. ಆ ಅರ್ಜಿಯ ಸೂಚನೆಗಳನ್ನು ಯಾರು ಬೇಕಾದರೂ ಓದಬಹುದು. ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕುವಾಗ ನೀವು ಅಮೆರಿಕದ ಒಳಗೇ ಇರಬೇಕು. ಬೆರಳಚ್ಚು ಕೊಡಲೂ ಅಲ್ಲೇ ಹೋಗಬೇಕು. ಅದಾದಮೇಲೆ ಹೊರಟರೆ ಪರ್ಮಿಟ್ ಬರುವಾಗ ನೀವು ಇಲ್ಲಿದ್ದರೂ ನಡೆಯುತ್ತೆ. ಇಲ್ಲಿಗೆ ಬಂದಮೇಲೆ ಬೆಂಗಳೂರಿನಿಂದ ಹಾಕುವುದು ಅನ್ನುವುದೇ ಇಲ್ಲ. ಇದನ್ನು ನಂಬಿ ಅಡ್ವಾನ್ಸ್ ಕೊಟ್ಟು, ಇಲ್ಲಿ ಬಂದು ಕೂತು, ವರ್ಷ ದಾಟಿಸಿಕೊಂಡವರ ಗತಿ ಏನು? ಅಡ್ವಾನ್ಸ್ ಕೊಡಲಿಲ್ಲ. ಒಳಗಿನ ಹೆಂಗಸಿಗೆ ಹೋಗಿ ಹೇಳಿದೆ. ಅವರು ಹುಡುಗನನ್ನು ಕರೆದು ಸರಿಯಾಗಿ ಬೈದರು, ಆದರೆ ಹಾಳೆ ಮಾತ್ರ ಅಲ್ಲೇ ಇತ್ತು, ಎರಡನೇ ಸಿಟಿಂಗ್‌ಗೆ ಹೋದಾಗಲೂ.

ಅಲ್ಲೇ ಪಕ್ಕದ ಕುರ್ಚಿಯಲ್ಲಿ ಒಂದು ಜೋಡಿ ಕೂತಿತ್ತು. ಗಂಡ ಅಮೆರಿಕದಲ್ಲೇ ಹುಟ್ಟಿದವನಂತೆ, ಈಗ ವೈಟ್‌ಫೀಲ್ಡಿನಲ್ಲಿ ಕೆಲಸ. ಹೆಂಡತಿಗೆ ವೀಸಾ ಬಂದಿದೆ. ‘ಮೇಡಂ ಮೊದಲು ಹೋಗಲಿ ಸರ್, ನೀವು ಪ್ರಾಜೆಕ್ಟ್ ಮುಗಿಸಿ ನಿಧಾನ ಹೋಗಿ’ ಅಂತ ಅವರಿಗೂ ಅದೇ ಸಲೀಸು ಉತ್ತರ. ನನ್ನ ಗಂಡ ಅಲ್ಲೇ ಇರುವುದರಿಂದ ನಾನು ಒಬ್ಬಳೇ ಹೋಗಬಹುದು. ಇವರದು ಹಾಗಲ್ಲ. ಸ್ಪಾನ್ಸರ್ ಮಾಡಿದವನು ಹೊರದೇಶದಲ್ಲಿ ವಾಸ ಇದ್ದು, ಅಮೆರಿಕದಲ್ಲಿ ಮತ್ತೆ ಮನೆ ಮಾಡುತ್ತೇನೆ ಅಂತ ಹೇಳಿ ವೀಸಾ ಮಾಡಿಸಿದ್ದರೆ, ಅವನು ಮೊದಲೇ ಹೋಗಿರಬೇಕು, ಇಲ್ಲಾ ಜೊತೆಯಲ್ಲೇ ಹೋಗಬೇಕು. ಅವರಿಗೆ ಮೆಟ್ಟಿಲ ಹತ್ತಿರ ಇಷ್ಟು ಹೇಳಿ ಬಂದೆ. ಕನ್ಸಲ್ಟೆನ್ಸಿಯ ಕೆಲಸ ನಾನು ಪುಕ್ಕಟೆ ಮಾಡಿದ ಹಾಗಾಯಿತು.

ಟಿಕೆಟ್ ವಿಷಯ ಬೇಗ ಮುಗಿಸುತ್ತೇನೆ. ರೇಟು ಪರವಾಗಿಲ್ಲ, ಆದರೆ ಅಬುಧಾಬಿ ಮೇಲೆ ಹೋಗುವ ಟಿಕೆಟಿನಲ್ಲಿ ನಡುವೆ ತೀರಾ ಕಡಿಮೆ ಹೊತ್ತು ಇಟ್ಟಿದ್ದರು. ಅಬುಧಾಬಿಯಲ್ಲಿ ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಯುತ್ತೆ, ನ್ಯೂಯಾರ್ಕಿನಲ್ಲಿ ಇಳಿದಾಗ ಊರೊಳಗಿನ ವಿಮಾನದಿಂದ ಇಳಿದ ಹಾಗೆ ಹೊರಗೆ ನಡೆಯಬಹುದು. ಟೂರಿಸ್ಟುಗಳಿಗೆ ಇದು ಅನುಕೂಲ. ಆದರೆ ಮೊದಲ ಸಲ ಇಮಿಗ್ರಂಟ್ ವೀಸಾದಲ್ಲಿ ಹೋಗುವವರನ್ನು ಪಕ್ಕಕ್ಕೆ ಕೂರಿಸಿ, ಬೆರಳಚ್ಚು, ಸಹಿ, ವಿಳಾಸ ಎಲ್ಲ ಮತ್ತೆ ನೋಡುತ್ತಾರೆ. ಗಂಟೆಗಟ್ಟಲೆ ಆಗಬಹುದು. ಜಗಳ ಆಡಿ ಮುಂದಿನ ವಿಮಾನಕ್ಕೆ ಬದಲಾಯಿಸಿಕೊಂಡೆ. ಬದಲಾಯಿಸದೆ ಹೋಗಿದ್ದರೆ ಖಂಡಿತ ತಪ್ಪಿಹೋಗುತ್ತಿತ್ತು, ಯಾಕೆಂದರೆ ಆ ರೂಮಿನ ಕುರ್ಚಿ ನನಗೆ ಚೆನ್ನಾಗಿ ಪರಿಚಯವಾಯಿತು. ಲಗೇಜ್ ಬಗ್ಗೆ ಕೊಟ್ಟ ಚೀಟಿ ಚೆನ್ನಾಗಿತ್ತು: ಕರಿಬೇವು ಬೇಡ, ಬೀಜ ಬೇಡ, ಹಣ್ಣು ಬೇಡ, ತಿಂಡಿ ಇದ್ದರೆ ಇದೆ ಅಂತಲೇ ಬರೆಯಿರಿ, 10,000 ಡಾಲರಿಗಿಂತ ಜಾಸ್ತಿ ನಗದು ಇದ್ದರೆ ತಿಳಿಸಿ. ಅತ್ತೆ ಕೊಟ್ಟ ಕರಿಬೇವಿನ ಗಿಡದ ಬೀಜವನ್ನು ನಾನು ಬಸವನಗುಡಿಯಲ್ಲೇ ಬಿಟ್ಟೆ. ಅವರಿಗೆ ಇನ್ನೂ ಹೇಳಿಲ್ಲ.

ಹೋದೆ, ಕೆಲವು ವಾರ ಇದ್ದೆ, ಅಮ್ಮನ ಆಪರೇಷನ್‌ಗೆ ವಾಪಸ್ ಬಂದೆ. ಆಗ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಕಾರ್ಡ್ ಬರುವವರೆಗೆ ಹೊರಗೆ ಬರಲೇಬಾರದು ಅಂತ ಹುಡುಗ ಹೇಳಿದ್ದ. ಅದೂ ತಪ್ಪು. ವೀಸಾ ಸ್ಟಿಕರ್ ಮೇಲೇ ಅಚ್ಚಾಗಿರುತ್ತೆ: ಇಮಿಗ್ರೇಷನ್ ಸ್ಟಾಂಪ್ ಬಿದ್ದಮೇಲೆ ಇದೇ ಒಂದು ವರ್ಷ ತಾತ್ಕಾಲಿಕ ಐ-551, ಅಂದರೆ ಗ್ರೀನ್ ಕಾರ್ಡಿಗೆ ಸಮ. ಆ ಒಂದು ವರ್ಷ ಎಣಿಸುವುದು ಸ್ಟಾಂಪ್ ಬಿದ್ದ ದಿನದಿಂದ. ಅದೇ ಸ್ಟಿಕರ್ ಮೇಲೆ ವೀಸಾದ ಹಳೇ ಎಕ್ಸ್‌ಪೈರಿ ತಾರೀಖೂ ದೊಡ್ಡದಾಗಿ ಇರುತ್ತೆ, ಮತ್ತು ಚೆಕ್-ಇನ್ ಕೌಂಟರಿನವರ ಕಣ್ಣು ಮೊದಲು ಬೀಳುವುದು ಅದರ ಮೇಲೇ.

ವಾಪಸ್ ಹೋಗುವಾಗ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸರಿಯಾಗಿ ಇದೇ ಆಯಿತು. ಮಧ್ಯರಾತ್ರಿ. ಹಿಂದೆ ಉದ್ದ ಕ್ಯೂ. ಕೌಂಟರಿನ ಹುಡುಗಿ ‘ನಿಮ್ಮ ವೀಸಾ ಎಕ್ಸ್‌ಪೈರ್ ಆಗಿದೆ ಮ್ಯಾಮ್’ ಅಂದಳು. ನಾನು ಸ್ಟಾಂಪ್ ತೋರಿಸಿದೆ. ಅವಳು ಅದನ್ನು ಟೂರಿಸ್ಟ್ ಎಂಟ್ರಿ ಸ್ಟಾಂಪ್ ಅಂದುಕೊಂಡಳು. ವಾಟ್ಸಾಪ್ ಸಪೋರ್ಟಿಗೆ ಮೆಸೇಜ್ ಹಾಕಿದೆ. ಒಂದು ಟಿಕ್ ಬಿತ್ತು, ಎರಡನೆಯದು ಬೆಳಗಿನವರೆಗೂ ಬೀಳಲಿಲ್ಲ. ಅಮೆರಿಕಕ್ಕೆ ಹೋಗುವ ಎಷ್ಟೋ ವಿಮಾನ ಹೊರಡುವುದು ರಾತ್ರಿ, ಇವರ ಸಪೋರ್ಟ್ ಹತ್ತರಿಂದ ಆರು! ಕೊನೆಗೆ ಸೂಪರ್‌ವೈಸರ್ ಬಂದರು. ವಿಮಾನ ಕಂಪನಿಗಳಿಗೆ ಅಂತಲೇ ಅಮೆರಿಕದ ಬಾರ್ಡರ್ ಇಲಾಖೆ ಒಂದು ಮಾರ್ಗದರ್ಶಿ ಮಾಡಿದೆ, ಯಾವ ಯಾವ ಕಾಗದ ಇದ್ದರೆ ವಿಮಾನ ಹತ್ತಿಸಬಹುದು ಅಂತ ಫೋಟೋ ಸಮೇತ. ಸ್ಟಾಂಪ್ ಬಿದ್ದ ಇಮಿಗ್ರಂಟ್ ವೀಸಾ ಅದರಲ್ಲಿದೆ. ಗಂಡ ಅದನ್ನು ಮೊದಲೇ ಪ್ರಿಂಟ್ ತೆಗೆಸಿ ಕೊಟ್ಟಿದ್ದರು. ಸೂಪರ್‌ವೈಸರ್ ಆ ಪುಟ ನೋಡಿ, ಸ್ಟಿಕರ್ ಮೇಲಿನ ಸಣ್ಣ ಅಕ್ಷರದ ಸಾಲನ್ನು ಟಾರ್ಚ್ ಹಾಕಿ ಓದಿ, ಬೋರ್ಡಿಂಗ್ ಪಾಸ್ ಕೊಡಿಸಿದರು. ಒರಟಾಗಿ ಮಾತಾಡಲಿಲ್ಲ, ಅದಕ್ಕೆ ಥ್ಯಾಂಕ್ಸ್. ಕಾರ್ಡ್ ಬರುವ ಮುಂಚೆ ಓಡಾಡುವವರು ಆ ಪುಟವನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ.

ಪ್ಯಾಕೇಜಿನಲ್ಲಿ ಹೇಳದೇ ಬಿಟ್ಟಿದ್ದು ಇನ್ನೂ ಇದೆ. ‘ರೆಸಿಡೆನ್ಸಿ ಗೈಡೆನ್ಸ್’ ಅಂತ ಹೆಸರಿಟ್ಟುಕೊಂಡು ಟ್ಯಾಕ್ಸ್ ಬಗ್ಗೆ ಒಂದು ಸಾಲೂ ಇಲ್ಲ. ಗ್ರೀನ್ ಕಾರ್ಡಿನವರಾಗಿ ಅಲ್ಲಿ ಕಾಲಿಟ್ಟ ದಿನದಿಂದ ನೀವು ಅಲ್ಲಿನ ಟ್ಯಾಕ್ಸ್ ರೆಸಿಡೆಂಟ್, ಪ್ರಪಂಚದ ಯಾವ ಮೂಲೆಯ ಆದಾಯ ಇದ್ದರೂ ಅಲ್ಲಿ ತೋರಿಸಬೇಕು. ನಾನು ನೋಟಿಸ್ ಪೀರಿಯಡ್ಡಿನಲ್ಲಿ ಬೆಂಗಳೂರಲ್ಲಿ ಪಡೆದ ಸಂಬಳವೂ ಸೇರಿ. ಇಲ್ಲಿನ ಬ್ಯಾಂಕ್ ಖಾತೆ, ಎಫ್‌ಡಿ ಎಲ್ಲ ಸೇರಿ ವರ್ಷದಲ್ಲಿ ಯಾವತ್ತಾದರೂ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಅಂತ ಬೇರೆ ವರದಿ ಕೊಡಬೇಕು. ನಮ್ಮ ಮ್ಯೂಚುವಲ್ ಫಂಡುಗಳು ಅವರ ಕಣ್ಣಿಗೆ ಬೇರೆ ಟ್ಯಾಕ್ಸ್ ನಿಯಮ ಇರುವ ಹೊರದೇಶದ ಹೂಡಿಕೆ, ಅಂದರೆ ಪಿಎಫ್‌ಐಸಿ, ಅದರ ಲೆಕ್ಕ ಬರೆದುಕೊಡಲು ಅಲ್ಲಿನ ಆಡಿಟರ್‌ಗಳು ಕೇಳುವ ಫೀಸು ನೋಡಿದರೆ ಎಸ್‌ಐಪಿ ಮಾಡಿದ್ದೇ ಬೇಡಾಗಿತ್ತು ಅನ್ನಿಸುತ್ತೆ. ಹೊರಡುವ ಮುಂಚೆ ಏನು ಇಟ್ಟುಕೊಳ್ಳಬೇಕು, ಏನು ಮಾರಬೇಕು ಅಂತ ಎರಡೂ ದೇಶದ ಕಾನೂನು ಗೊತ್ತಿರುವ ಸಿಎ ಒಬ್ಬರನ್ನು ಕೇಳುವುದು ಒಳ್ಳೆಯದು. ನೆಲೆಸಲು ಅಂತ ಹೋದಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸಬೇಕು ಅನ್ನುವುದನ್ನೂ ಇವರು ಹೇಳಲಿಲ್ಲ, ನಮ್ಮ ಬ್ಯಾಂಕಿನ ಕ್ಯಾಷಿಯರ್ ಹೇಳಿದರು.

ಸಣ್ಣಪುಟ್ಟದ್ದೂ ಇವೆ. ಡಿಎಸ್-260 ಅನ್ನುವ ಇಮಿಗ್ರಂಟ್ ವೀಸಾ ಅರ್ಜಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕು ಅಂತ ಟಿಕ್ ಹಾಕಿದ್ದರೆ ಆ ನಂಬರಿನ ಕಾರ್ಡ್ ತಾನಾಗಿ ಮನೆಗೆ ಬರುತ್ತೆ, ಬರದಿದ್ದರೆ ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ಹೋಗಬೇಕು. ಅಲ್ಲಿ ಮನೆ ಬದಲಾಯಿಸಿದರೆ 10 ದಿನದೊಳಗೆ ಯುಎಸ್‌ಸಿಐಎಸ್‌ಗೆ ಹೊಸ ವಿಳಾಸ ತಿಳಿಸಬೇಕು. ಗಂಡನ ಕಂಪನಿಯ ಹೆಲ್ತ್ ಇನ್ಶೂರೆನ್ಸಿಗೆ ನಿಮ್ಮನ್ನು ಸೇರಿಸಲು ಕೆಲವೇ ವಾರಗಳ ಕಿಟಕಿ ಇರುತ್ತೆ, ಎಚ್‌ಆರ್‌ಗೆ ಟಿಕೆಟ್ ಹಾಕಿದ ದಿನವೇ ಬರೆದು ಕೇಳಿ. ಅಲ್ಲಿ ಇನ್ಶೂರೆನ್ಸ್ ಇಲ್ಲದೆ ಜ್ವರ ಬರುವುದೂ ದುಬಾರಿ.

ಹಾಗಾದರೆ ಈ ಸೇವೆ ತೆಗೆದುಕೊಳ್ಳಬೇಕಾ? ವೀಸಾ ಬಂದು, ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ ಅಲ್ಲೇ ಉಳಿಯುವವರಾದರೆ ಬೇಡ. ಸರ್ಕಾರದ ವೆಬ್‌ಸೈಟಿನಲ್ಲಿ ಎಲ್ಲವೂ ಇದೆ, ಒಂದು ಭಾನುವಾರ ಕೂತು ಓದಿದರೆ ಸಾಕು. ನನ್ನ ತರ ಹೋಗಿ ಬಂದು ಮಾಡಬೇಕಾದವರು, ವಯಸ್ಸಾದ ತಂದೆ ತಾಯಿ ಇಲ್ಲಿರುವವರು, ಒಂದು ವರ್ಷ ಇಲ್ಲೇ ಕಳೆಯಬೇಕಾಗಿ ಬರುವವರು ಆ ದುಡ್ಡನ್ನು ಅಮೆರಿಕದ ಒಬ್ಬ ಇಮಿಗ್ರೇಷನ್ ವಕೀಲರಿಗೆ ಕೊಡಿ. ಅಲ್ಲಿನ ಇಮಿಗ್ರೇಷನ್ ವಿಷಯದಲ್ಲಿ ಕಾನೂನು ಸಲಹೆ ಕೊಡುವ ಅಧಿಕಾರ ಇರುವುದು ವಕೀಲರಿಗೆ ಮತ್ತು ಅಲ್ಲಿನ ನ್ಯಾಯ ಇಲಾಖೆ ಮಾನ್ಯ ಮಾಡಿದ ಪ್ರತಿನಿಧಿಗಳಿಗೆ ಮಾತ್ರ. ನಾನು ಕೊನೆಗೆ ಒಬ್ಬರನ್ನು ವೀಡಿಯೋ ಕಾಲ್‌ನಲ್ಲಿ ಕೇಳಿದೆ. ಅವರು ತೆಗೆದುಕೊಂಡಿದ್ದು ಈ ಪ್ಯಾಕೇಜಿಗಿಂತ ಕಡಿಮೆ. ಕೇಳಿದ ಮೊದಲ ಪ್ರಶ್ನೆ, ‘ನೀವು ಯಾವಾಗ ಪೂರ್ತಿ ಬರುತ್ತೀರಿ, ಅದಕ್ಕೆ ತಾರೀಖು ಇದೆಯಾ?’ ರಾಜೀನಾಮೆ ಪತ್ರ, ಆಸ್ಪತ್ರೆಯ ಚೀಟಿ, ರಿಟರ್ನ್ ಟಿಕೆಟ್ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ ಅಂದರು. ವಾಪಸ್ ಹೋದಾಗ ಆಫೀಸರ್ ‘ಇಷ್ಟು ದಿನ ಎಲ್ಲಿದ್ದಿರಿ’ ಅಂತ ಕೇಳಿದ. ತಾಯಿಯ ಆಪರೇಷನ್ ಅಂದೆ. ಫೈಲ್ ತೆಗೆಯುವ ಮುಂಚೆಯೇ ಕೈ ಬೀಸಿ ಕಳಿಸಿದ.

ಇಷ್ಟಾದಮೇಲೂ ಆ ಆಫೀಸಿಗೇ ಹೋಗುತ್ತೀರಿ ಅಂತಾದರೆ, ಪೂರ್ತಿ ಪ್ಯಾಕೇಜ್ ಬೇಡ ಅನ್ನಿ, ಒಂದು ಸಿಟಿಂಗ್‌ಗೆ ಮಾತ್ರ ದುಡ್ಡು ಕೊಡುತ್ತೇನೆ ಅನ್ನಿ. ಮೊದಲು ಹಾಗೆ ಇಲ್ಲ ಅನ್ನುತ್ತಾರೆ, ಎದ್ದು ಹೊರಟರೆ ಇದೆ ಅನ್ನುತ್ತಾರೆ. ಕೌಂಟರಿನಲ್ಲಿ ಏನೂ ಕೇಳಬೇಡಿ, ಒಳಗಿನ ರೂಮಿನವರ ಹತ್ತಿರವೇ ಕೂರಬೇಕು ಅಂತ ಹೇಳಿ, ಮದುವೆ ಸರ್ಟಿಫಿಕೇಟ್ ತೆಗೆದುಕೊಂಡು ಹೋಗಿ. ಶನಿವಾರ ಅವರು ಇರುವುದಿಲ್ಲ. ಬಿಲ್ ಕೇಳಿ ಪಡೆಯಿರಿ, ಸಾಲು ಸಾಲಾಗಿ ಬರೆದದ್ದು.